ಜೊತೆಗಾರನ ಮೌನ

ನಿಮ್ಮ ಧರ್ಮಕೇಂದ್ರದ ಗುರುಗಳು ಇಸ್ಪೀಟು ಆಡುತ್ತಾರೆಂದು ಯಾರಾದರೂ ಹೇಳಿದರೆ ನಿಮಗೆ ಏನನ್ನಿಸೀತು? ನಮ್ಮ ಕರಾವಳಿಯಲ್ಲಿ ಇಸ್ಪೀಟು ಎಂಬ ಶಬ್ದಕ್ಕೆ ಒಳ್ಳೆಯ ಹೆಸರಿಲ್ಲ. ಅಂದರ್ ಬಾಹರ್ ಆಟದ ಮೇಲೆ ಪೊಲೀಸರ ದಾಳಿ, ವಶಪಡಿಸಿಕೊಂಡ ನಗದು, ತಲೆ ತಗ್ಗಿಸಿ ನಿಂತ ಗಂಡಸರು. ಪತ್ರಿಕೆಗಳಲ್ಲಿ ನಾವು ಕಾಣುವ ಇಸ್ಪೀಟು ಇಷ್ಟೇ. ಆದುದರಿಂದ ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಡಿನ ಗುರಿಕಾರರೊಬ್ಬರು ಬಲಿಪೂಜೆಯ ಬಳಿಕ ನನ್ನನ್ನು ಪಕ್ಕಕ್ಕೆ ಕರೆದು, "ಫಾದರ್, ನೀವು ಎಲೆ ಆಡುತ್ತೀರಂತೆ, ಹೌದಾ?" ಎಂದು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. "ಹೌದು, ಆದರೆ ಹಣಕ್ಕಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಣಕ್ಕಲ್ಲದಿದ್ದರೆ ಮತ್ತೆ ಯಾಕೆ ಫಾದರ್?" ಎಂದರು. ಆ ದಿನ ನಾನು ನಕ್ಕು ಸುಮ್ಮನಾದೆ. ಇಂದು ಆ ಪ್ರಶ್ನೆಯನ್ನು ನೆನಪಿಟ್ಟುಕೊಂಡೇ ಈ ಬರಹವನ್ನು ಬರೆಯುತ್ತಿದ್ದೇನೆ.

ನಾನು ಆಡುವ ಆಟದ ಹೆಸರು ಬ್ರಿಡ್ಜ್. ನಾಲ್ವರು ಕುಳಿತು, ಎದುರುಬದುರಾದ ಇಬ್ಬರು ಜೊತೆಗಾರರಾಗಿ, ಐವತ್ತೆರಡು ಎಲೆಗಳಿಂದ ಆಡುವ ಆಟ. ಇದರ ಈಗಿನ ರೂಪಕ್ಕೆ ಇನ್ನೂ ನೂರು ವರ್ಷ ದಾಟಿದ್ದಷ್ಟೇ. 1925ರಲ್ಲಿ ಹೆರಾಲ್ಡ್ ವಾಂಡರ್‌ಬಿಲ್ಟ್ ಎಂಬ ಅಮೆರಿಕನ್ನರು ಹಡಗಿನ ಪ್ರಯಾಣದ ವೇಳೆ ಇದರ ಅಂಕಗಳ ಕ್ರಮವನ್ನು ರೂಪಿಸಿದರು. 1967ರಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ತೀರ್ಪಿತ್ತಾಗ, ಅದರಲ್ಲಿರುವ ಅದೃಷ್ಟದ ಅಂಶವನ್ನು ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗಿನ ಅದೃಷ್ಟಕ್ಕೆ ಹೋಲಿಸಿತ್ತು. 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಅರುವತ್ತು ವರ್ಷದ ಪ್ರಣಬ್ ಬರ್ಧನ್ ಮತ್ತು ಐವತ್ತಾರು ವರ್ಷದ ಶಿಬ್‌ನಾಥ್ ಸರ್ಕಾರ್ ಪುರುಷರ ಜೋಡಿ ಸ್ಪರ್ಧೆಯಲ್ಲಿ ಭಾರತಕ್ಕೆ ಚಿನ್ನದ ಪದಕ ತಂದರು. ಆ ವಾರ್ತೆ ಬಂದ ಮೇಲೆ ಗುರಿಕಾರರು ನನ್ನನ್ನು ಕಂಡು, "ನೀವು ಯಾವಾಗ ಹೋಗುವುದು ಫಾದರ್?" ಎಂದು ಕೇಳತೊಡಗಿದರು.

ನಾನು ಈ ಆಟವನ್ನು ಕಲಿತದ್ದು ಮಂಗಳೂರಿನ ಜೆಪ್ಪುವಿನ ಗುರುಮಠದಲ್ಲಿ. ಸಂಜೆಯ ಬಿಡುವಿನ ವೇಳೆಯಲ್ಲಿ ನಾವು ವಿದ್ಯಾರ್ಥಿಗಳು ಇಪ್ಪತ್ತೆಂಟು ಆಡುತ್ತಿದ್ದೆವು. ವಯಸ್ಸಾದ ಅಧ್ಯಾಪಕ ಗುರುಗಳೊಬ್ಬರು ಅದನ್ನು ನೋಡಿ, ಅಷ್ಟು ನೆನಪಿನ ಶಕ್ತಿ ನಿಮಗಿದ್ದರೆ ಇದನ್ನೂ ಕಲಿಯಿರಿ ಎಂದು ಬ್ರಿಡ್ಜ್ ಹೇಳಿಕೊಟ್ಟರು. ಗುರುದೀಕ್ಷೆಯ ಬಳಿಕ ಹಲವು ವರ್ಷ ಎಲೆ ಮುಟ್ಟಲಿಲ್ಲ. ಕಾಪು ಸಮೀಪದ ಧರ್ಮಕೇಂದ್ರಕ್ಕೆ ವರ್ಗವಾಗಿ ಬಂದ ಮೇಲೆ, ಉಡುಪಿಯಲ್ಲಿ ಬುಧವಾರ ಸಂಜೆ ನಾಲ್ಕಾರು ಮಂದಿ ಸೇರಿ ಆಡುತ್ತಾರೆಂದು ತಿಳಿಯಿತು. ಉಡುಪಿ ಬ್ಯಾಂಕುಗಳ ತವರು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ಇಲ್ಲಿಯೇ. 2020ರಲ್ಲಿ ಎರಡೂ ಬೇರೆ ಬ್ಯಾಂಕುಗಳೊಡನೆ ವಿಲೀನವಾದರೂ, ಅವುಗಳಲ್ಲಿ ದುಡಿದು ನಿವೃತ್ತರಾದವರು ಈ ಊರಿನ ಓಣಿ ಓಣಿಗಳಲ್ಲಿದ್ದಾರೆ. ನಮ್ಮ ಬುಧವಾರದ ಕೂಟದಲ್ಲಿಯೂ ಮುಂಬಯಿಯಲ್ಲಿ ಸೇವೆ ಮಾಡುವಾಗ ಈ ಆಟ ಕಲಿತ ಬ್ಯಾಂಕ್ ಅಧಿಕಾರಿಗಳೇ ಹೆಚ್ಚು. ಅವರ ನಡುವೆ ನಾನೊಬ್ಬ ಗುರು. ಕಾರ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದ ನಿವೃತ್ತ ಗಣಿತದ ಮಾಸ್ತರರೊಬ್ಬರು. ಅವರು ಹಿಂದೂ ಧರ್ಮದವರು, ಎಪ್ಪತ್ತು ದಾಟಿದವರು, ಮಿತಭಾಷಿಗಳು. ಅವರೇ ನನ್ನ ಜೊತೆಗಾರರಾದರು.

ಒಂದು ನವೆಂಬರಿನಲ್ಲಿ ಮಣಿಪಾಲದ ಸಭಾಂಗಣವೊಂದರಲ್ಲಿ ಮೂರು ದಿನಗಳ ಜೋಡಿ ಸ್ಪರ್ಧೆ ಏರ್ಪಟ್ಟಿತು. ಗುರುವಾರದಿಂದ ಶನಿವಾರದವರೆಗೆ, ಭಾನುವಾರದ ಪೂಜೆಗೆ ಅಡ್ಡಿಯಿಲ್ಲ. ನನ್ನ ವಾರ್ಷಿಕ ರಜೆಯಲ್ಲಿ ಉಳಿದಿದ್ದ ಮೂರು ದಿನಗಳನ್ನು ಇದಕ್ಕೆ ಮೀಸಲಿಟ್ಟೆ. ಬೆಳಗಿನ ಪೂಜೆ ಮುಗಿಸಿ, ಹೆದ್ದಾರಿ ಹಿಡಿದು, ಉಡುಪಿ ದಾಟಿ ಗುಡ್ಡ ಹತ್ತುವಾಗ ಶಾಲೆಯ ಪ್ರವಾಸಕ್ಕೆ ಹೊರಟ ಹುಡುಗನ ಉತ್ಸಾಹ ನನ್ನಲ್ಲಿತ್ತು.

ಜೋಡಿ ಸ್ಪರ್ಧೆಯ ಕ್ರಮವನ್ನು ನಿಮಗೆ ಸ್ವಲ್ಪ ವಿವರಿಸಬೇಕು. ಮನೆಯಲ್ಲಿ ಆಡುವಾಗ ಒಳ್ಳೆಯ ಎಲೆ ಬಂದವನು ಗೆಲ್ಲುತ್ತಾನೆ. ಸ್ಪರ್ಧೆಯಲ್ಲಿ ಹಾಗಿಲ್ಲ. ಹಂಚಿದ ಎಲೆಗಳನ್ನು ನಾಲ್ಕು ಗೂಡುಗಳಿರುವ ಒಂದು ಹಲಗೆಯಲ್ಲಿ ಇಟ್ಟು ಮೇಜಿನಿಂದ ಮೇಜಿಗೆ ಸಾಗಿಸುತ್ತಾರೆ. ನಾನು ಆಡಿದ ಹದಿಮೂರು ಎಲೆಗಳನ್ನೇ ಬೇರೆ ಮೇಜುಗಳಲ್ಲಿ ನನ್ನ ದಿಕ್ಕಿನಲ್ಲಿ ಕುಳಿತವರೆಲ್ಲ ಆಡುತ್ತಾರೆ. ಕೊನೆಗೆ ನನ್ನ ಫಲವನ್ನು ಹೋಲಿಸುವುದು ಅವರ ಫಲದೊಂದಿಗೆ. ನನಗಿಂತ ಕಡಿಮೆ ಸಾಧಿಸಿದ ಪ್ರತಿಯೊಂದು ಜೋಡಿಗೆ ಎರಡು ಅಂಕ, ಸಮವಾದ ಜೋಡಿಗೆ ಒಂದು ಅಂಕ. ಒಬ್ಬ ಆಟಗಾರನ ಕೈಗೆ ಬರಬಹುದಾದ ಹದಿಮೂರು ಎಲೆಗಳ ಬಗೆಗಳು 63,501 ಕೋಟಿಗೂ ಮಿಕ್ಕಿವೆ. ಅವುಗಳಲ್ಲಿ ಯಾವುದು ಬಂತೆಂದು ಯಾರೂ ಕೇಳುವುದಿಲ್ಲ. ಬಂದುದನ್ನು ಏನು ಮಾಡಿದೆ ಎಂಬುದಷ್ಟೇ ಲೆಕ್ಕ. ಪ್ರಭು ಯೇಸು ಹೇಳಿದ ತಲೆಂತುಗಳ ಸಾಮತಿಯನ್ನು ನಾನು ಎಷ್ಟೋ ಬಾರಿ ಬೋಧಿಸಿದ್ದೇನೆ. ಎರಡು ತಲೆಂತು ಪಡೆದವನಿಗೂ ಐದು ಪಡೆದವನಿಗೂ ಯಜಮಾನ ಒಂದೇ ಬಗೆಯ ಮೆಚ್ಚುಗೆ ಸೂಚಿಸಿದ್ದೇಕೆಂಬುದು ಈ ಹಲಗೆಗಳನ್ನು ಕಂಡ ಮೇಲೆ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಇನ್ನೊಂದು ವಿಷಯ. ಎಲೆ ಎಸೆಯುವ ಮೊದಲು ನಾಲ್ವರೂ ಸರದಿಯಂತೆ ಕೂಗಬೇಕು. ಹಬ್ಬದ ದಿನ ಚರ್ಚಿನ ಆವರಣದಲ್ಲಿ ನಡೆಯುವ ಏಲಂನಂತೆ. ಇಷ್ಟು ಸುತ್ತು ಗೆಲ್ಲುತ್ತೇವೆ, ಇಂಥದು ತುರುಪು ಎಂದು ಮಾತು ಕೊಡುವುದೇ ಈ ಕೂಗು. ಜೊತೆಗಾರರ ನಡುವಿನ ಸಂಭಾಷಣೆ ಇದೊಂದೇ. ಆದರೆ ಅದನ್ನು ಬಾಯಿಂದ ಹೇಳುವಂತಿಲ್ಲ. ದನಿಯ ಏರಿಳಿತದಿಂದ ಗುಟ್ಟು ತಿಳಿದೀತೆಂದು, ಅಚ್ಚು ಹಾಕಿದ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಡುತ್ತಾರೆ. ವಿಶ್ವಮಟ್ಟದ ಸ್ಪರ್ಧೆಗಳಲ್ಲಿ ಜೊತೆಗಾರರು ಪರಸ್ಪರ ಮುಖ ನೋಡದಂತೆ ಮೇಜಿನ ಮೇಲೆ ಅಡ್ಡತೆರೆಯನ್ನೂ ಇರಿಸುತ್ತಾರೆ. 1975ರಲ್ಲಿ ಬರ್ಮುಡಾದ ವಿಶ್ವ ಸ್ಪರ್ಧೆಯಲ್ಲಿ ಹೀಗೆ ತೆರೆ ಹಾಕಿದಾಗ, ಆಟಗಾರನೊಬ್ಬನ ಕಾಲು ಮೇಜಿನಡಿಯಲ್ಲಿ ಜೊತೆಗಾರನ ಪಾದವನ್ನು ಒತ್ತುತ್ತಿದ್ದುದು ಬೆಳಕಿಗೆ ಬಂತು. ಆ ಬಳಿಕ ಮೇಜಿನಡಿಗೂ ತಡೆ ಬಂತು. ಇಷ್ಟಾದರೂ ತಡೆಯಲಾಗದ್ದು ಒಂದಿದೆ. ಜೊತೆಗಾರ ಚೀಟಿ ಇಡುವ ಮುನ್ನ ಎಷ್ಟು ಹೊತ್ತು ಯೋಚಿಸಿದನೆಂಬುದು ಕುಳಿತವರಿಗೆಲ್ಲ ತಿಳಿದೇ ತಿಳಿಯುತ್ತದೆ. ಯೋಚಿಸುವುದು ತಪ್ಪಲ್ಲ. ಆದರೆ ಆ ಯೋಚನೆಯಿಂದ ನನಗೆ ದೊರೆತ ಸುಳಿವನ್ನು ನಾನು ಬಳಸಿಕೊಳ್ಳಬಾರದು, ಎಚ್ಚರಿಕೆಯಿಂದ ಅದನ್ನು ದೂರವಿಡಬೇಕು ಎಂದು ಆಟದ ನಿಯಮ ವಿಧಿಸುತ್ತದೆ. ಕೇಳಿಸಿದ್ದನ್ನು ಕೇಳಿಸದಂತೆ ನಡೆದುಕೊಳ್ಳಬೇಕೆನ್ನುವ ನಿಯಮವಿದು.

ಮೊದಲ ಎರಡು ದಿನ ಸುಮಾರು ನಲವತ್ತು ಜೋಡಿಗಳು ಆಡಿದೆವು. ಮಾಸ್ತರರು ಬಹು ಎಚ್ಚರದಿಂದ ಆಡಿದರು. ಎರಡನೆಯ ದಿನದ ಸಂಜೆ ಅಂತಿಮ ಸುತ್ತಿಗೆ ಆಯ್ಕೆಯಾದವರ ಪಟ್ಟಿಯಲ್ಲಿ ನಮ್ಮ ಹೆಸರೂ ಇತ್ತು. ನಲವತ್ತು ವರ್ಷಗಳ ಆಟದಲ್ಲಿ ತಮಗೊಂದು ಬಹುಮಾನವೂ ಬಂದಿಲ್ಲವೆಂದು ಮಾಸ್ತರರು ಅಂದೇ ನನಗೆ ಹೇಳಿದ್ದು. "ನಮ್ಮ ಮನೆಯವಳು ಕೇಳುತ್ತಾಳೆ ಫಾದರ್, ಅಷ್ಟು ಬಸ್ಸಿನ ಟಿಕೆಟಿಗೆ ಒಂದು ಲೋಟವಾದರೂ ಸಿಕ್ಕಿತಾ ಅಂತ" ಎಂದು ನಕ್ಕರು.

ಶನಿವಾರ ಮಧ್ಯಾಹ್ನದ ಬಳಿಕದ ಆಟ. ಮುಗಿಯಲು ಎರಡೇ ಹಲಗೆ ಬಾಕಿ. ಎದುರಾಳಿಗಳು ಮಣಿಪಾಲದಲ್ಲಿ ಓದುತ್ತಿದ್ದ ಇಬ್ಬರು ಯುವಕರು. ನನ್ನ ಬಲಗಡೆಯವನು ಆಟೀನಿನಿಂದ ಕೂಗು ಆರಂಭಿಸಿದ, ನಾನು ಪಾಸ್ ಎಂದೆ, ಎಡಗಡೆಯವನು ಆಟೀನನ್ನು ಎರಡಕ್ಕೇರಿಸಿದ. ಮಾಸ್ತರರ ಸರದಿ. ಅವರ ಕೈ ಚೀಟಿಯ ಪೆಟ್ಟಿಗೆಯತ್ತ ಹೋಯಿತು, ನಿಂತಿತು, ಹಿಂದೆ ಬಂತು. ಅರ್ಧ ನಿಮಿಷಕ್ಕೂ ಮಿಕ್ಕಿ ಕಳೆಯಿತು. ಕೊನೆಗೆ ಪಾಸ್ ಚೀಟಿ ಇಟ್ಟರು. ಬಲಗಡೆಯವನೂ ಪಾಸ್ ಎಂದ. ನಾನೂ ಪಾಸ್ ಎಂದರೆ ಕೂಗು ಮುಗಿಯುತ್ತದೆ, ಹುಡುಗರು ಎರಡು ಆಟೀನು ಆಡುತ್ತಾರೆ.

ನನ್ನ ಕೈಯಲ್ಲಿದ್ದುದು ನಾಲ್ಕು ಇಸ್ಪೀಟು, ಅವುಗಳಲ್ಲಿ ದೊಡ್ಡದು ರಾಣಿ. ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಎಂದು ಎಣಿಸುವ ಕ್ರಮದಲ್ಲಿ ಒಟ್ಟು ಎಂಟು ಅಂಕ. ಬಡವರ ಕೈ. ಆದರೆ ಮಾಸ್ತರರಲ್ಲಿ ಏನೋ ಇದೆ ಎಂದು ನನಗೆ ಗೊತ್ತಾಗಿತ್ತು. ನಾನು ಎರಡು ಇಸ್ಪೀಟಿನ ಚೀಟಿ ಇಟ್ಟೆ. ಮಾಸ್ತರರ ಎಲೆಗಳು ಮೇಜಿನ ಮೇಲೆ ತೆರೆದುಕೊಂಡಾಗ ಅಲ್ಲಿ ಇಸ್ಪೀಟಿನ ಎಕ್ಕವಿತ್ತು, ರಾಜನಿತ್ತು. ಎಂಟು ಸುತ್ತು ಗೆಲ್ಲುವೆನೆಂದು ಮಾತು ಕೊಟ್ಟವನು ಒಂಬತ್ತು ಗೆದ್ದೆ. ನಮ್ಮ ದಿಕ್ಕಿನಲ್ಲಿ ಕುಳಿತ ಯಾರಿಗೂ ಆ ಹಲಗೆಯಲ್ಲಿ ಅಷ್ಟು ಅಂಕ ದೊರೆತಿರಲಿಲ್ಲ. ಯುವಕರಲ್ಲೊಬ್ಬ ತೀರ್ಪುಗಾರರನ್ನು ಕರೆಯಲು ಕೈ ಎತ್ತಿದ. ಇನ್ನೊಬ್ಬ ಮೆಲ್ಲನೆ, "ಬಿಡು ಮಾರಾಯ, ಫಾದರ್ ಅಲ್ವಾ" ಎಂದ. ಎತ್ತಿದ ಕೈ ಕೆಳಗಿಳಿಯಿತು.

ಆಟ ಮುಗಿದು ಫಲಿತಾಂಶದ ಹಾಳೆಯನ್ನು ಗೋಡೆಗೆ ಅಂಟಿಸಿದರು. ನಾವು ಮೂರನೆಯವರು. ಆಕ್ಷೇಪಗಳಿದ್ದರೆ ಅರ್ಧ ಗಂಟೆಯೊಳಗೆ ತಿಳಿಸಬೇಕೆಂದು ತೀರ್ಪುಗಾರರು ಸಾರಿದರು. ಮಾಸ್ತರರು ಮೊಬೈಲ್ ಹಿಡಿದು ಮೂಲೆಗೆ ಹೋದರು. "ಕೇಳಿದೆಯಾ, ಬಹುಮಾನ ಬಂತು. ಹೌದು, ನಿಜವಾಗಿಯೂ" ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು.

ಆ ಅರ್ಧ ಗಂಟೆಯನ್ನು ನಾನು ಹೊರಗಿನ ಜಗಲಿಯಲ್ಲಿ ಕಳೆದೆ. ಪ್ರಿಯ ಓದುಗರೇ, ಗುರುಮಠದಲ್ಲಿ ನಮಗೆ ನೀತಿಶಾಸ್ತ್ರವನ್ನು ವರ್ಷಗಟ್ಟಲೆ ಕಲಿಸುತ್ತಾರೆ. ಅಂದು ಅದೆಲ್ಲವೂ ನನ್ನ ವಕೀಲಿಗೆ ಒದಗಿತು. ಆ ಸ್ಥಾನದಲ್ಲಿ ಒಳ್ಳೆಯ ಆಟಗಾರರು ಅನೇಕರು ಎರಡು ಇಸ್ಪೀಟು ಕೂಗುತ್ತಾರೆ, ಅದು ಸುಳ್ಳಲ್ಲ. ತಮ್ಮ ಪಕ್ಷದ ತಪ್ಪನ್ನು ತಾವೇ ಎತ್ತಿ ತೋರಿಸಬೇಕೆಂಬ ಕಡ್ಡಾಯ ನಿಯಮ ಸಾಮಾನ್ಯವಾಗಿ ಇಲ್ಲ, ಅದೂ ಸುಳ್ಳಲ್ಲ. ಎದುರಾಳಿಗಳೇ ದೂರಲಿಲ್ಲ. ಮೇಲಾಗಿ ಬಹುಮಾನ ನನ್ನೊಬ್ಬನದಲ್ಲ. ಬಿಟ್ಟುಕೊಟ್ಟರೆ ಒಬ್ಬ ವೃದ್ಧರ ಸಂತೋಷವನ್ನು ಕಸಿದಂತಾಗುತ್ತದೆ. ಹೀಗೆ ಒಂದೊಂದೇ ವಾದವನ್ನು ಜೋಡಿಸುತ್ತಿದ್ದಾಗ ಆ ದಿನ ಬೆಳಗಿನ ಒಂದು ಹಲಗೆ ನೆನಪಿಗೆ ಬಂತು. ಹೆಚ್ಚು ಕಡಿಮೆ ಇಂಥದೇ ಎಲೆ, ಇದೇ ಕೂಗು. ಆಗ ಮಾಸ್ತರರು ಕ್ಷಣವೂ ತಡೆಯದೆ ಪಾಸ್ ಎಂದಿದ್ದರು. ನಾನೂ ಪಾಸ್ ಎಂದಿದ್ದೆ.

ಅದರೊಂದಿಗೆ ನನ್ನ ವಾದಗಳೆಲ್ಲ ಮುಗಿಯಬೇಕಿತ್ತು. ಆದರೂ ನಾನು ಕದಲಲಿಲ್ಲ. ಅರ್ಧ ಗಂಟೆ ಕಳೆಯಿತು. ಆ ಒಂದು ಹಲಗೆಯ ಲಾಭವಿಲ್ಲದಿದ್ದರೆ ಮೂರನೆಯ ಸ್ಥಾನವು ಶಿವಮೊಗ್ಗದಿಂದ ಬಂದಿದ್ದ ದಂಪತಿಗೆ ಹೋಗುತ್ತಿತ್ತೆಂಬುದನ್ನು ಹಾಳೆಯಲ್ಲಿ ನೋಡಿ ತಿಳಿದೇ ಇದ್ದೆ. ಹೆಸರು ಕರೆದಾಗ ಮಾಸ್ತರರೊಂದಿಗೆ ಹೋಗಿ ಒಂದು ಕಪ್ಪನ್ನೂ ಆರು ಸಾವಿರ ರೂಪಾಯಿಯ ಲಕೋಟೆಯನ್ನೂ ಸ್ವೀಕರಿಸಿದೆ. ಹಣಕ್ಕಲ್ಲವೆಂದು ಗುರಿಕಾರರಿಗೆ ಹೇಳಿದವನು ನಾನೇ.

ಮಾಸ್ತರರನ್ನು ಮನೆಗೆ ಮುಟ್ಟಿಸಲು ಪರ್ಕಳ, ಹಿರಿಯಡಕ, ಬೈಲೂರು ದಾರಿಯಾಗಿ ಕಾರ್ಕಳದತ್ತ ಕಾರು ನಡೆಸಿದೆ. ಕಪ್ಪು ಅವರ ಮಡಿಲಲ್ಲಿತ್ತು. ಹಿರಿಯಡಕ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಮತ್ತೆ ನಾನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, "ಮಾಸ್ತ್ರೇ, ಆ ಎರಡು ಇಸ್ಪೀಟು ನನ್ನ ಎಲೆ ನೋಡಿ ಕೂಗಿದ್ದಲ್ಲ. ನಿಮ್ಮ ಯೋಚನೆ ನೋಡಿ ಕೂಗಿದ್ದು" ಎಂದೆ.

ಅವರು ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. "ನನಗೆ ಗೊತ್ತಿತ್ತು ಫಾದರ್. ನೀವು ಚೀಟಿ ಇಟ್ಟ ಕೂಡಲೇ ಗೊತ್ತಾಯಿತು. ನೀವು ಹೇಳಬಹುದೆಂದು ಕಾದೆ. ನೀವು ಹೇಳದಿದ್ದಾಗ, ಗುರುಗಳೇ ಸುಮ್ಮನಿದ್ದಾರಲ್ಲ, ನನಗೇನು ಅಂತ ನಾನೂ ಸುಮ್ಮನಾದೆ" ಎಂದರು.

ಓದುಗರೇ, ಇಷ್ಟು ವರ್ಷಗಳ ಗುರುಜೀವನದಲ್ಲಿ ನಾನು ಕೇಳಿದ ಅತ್ಯಂತ ಕಠಿಣವಾದ ಮಾತು ಅದು. ಅವರು ಅದನ್ನು ಕೋಪದಿಂದ ಹೇಳಲೂ ಇಲ್ಲ. ಒಬ್ಬ ಹುಡುಗನ ಕೈ ನನ್ನ ದೀಕ್ಷೆಯ ಗೌರವಕ್ಕಾಗಿ ಕೆಳಗಿಳಿದಿತ್ತು. ಒಬ್ಬ ಪ್ರಾಮಾಣಿಕ ವೃದ್ಧರ ಬಾಯಿ ಅದೇ ಕಾರಣಕ್ಕೆ ಮುಚ್ಚಿತ್ತು. ನನ್ನ ತಪ್ಪು ನನ್ನಲ್ಲಿಯೇ ಉಳಿದಿದೆಯೆಂದು ನಾನು ತಿಳಿದಿದ್ದೆ. ಅದು ಆಗಲೇ ಮೂವರನ್ನು ಮುಟ್ಟಿತ್ತು.

ಕಾರ್ಕಳದ ಅವರ ಮನೆಯಲ್ಲಿ ಗಾಜಿನ ಕಪಾಟಿನ ಮೇಲಿನ ಅರೆಯನ್ನು ತೆರವುಗೊಳಿಸಿ, ಒರಸಿ, ಅದರ ಮೇಲೊಂದು ಕಸೂತಿಯ ಬಟ್ಟೆ ಹಾಸಿಟ್ಟಿದ್ದರು. ಮಾಸ್ತರರು ಹೊಸ್ತಿಲಲ್ಲೇ ನಿಂತು, "ಇದು ನಮ್ಮದಲ್ಲ" ಎಂದು ಪತ್ನಿಗೆ ಹೇಳಿ ಕಪ್ಪನ್ನು ನನ್ನ ಕೈಗಿತ್ತರು. ಆ ತಾಯಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಏನನ್ನೂ ಕೇಳಲಿಲ್ಲ. ಒಳಗೆ ಹೋಗಿ ಕಾಫಿ ತಂದರು. ನಾನು ಹೊರಡುವಾಗ ಆ ಕಸೂತಿಯ ಬಟ್ಟೆ ಇನ್ನೂ ಅಲ್ಲೇ ಹಾಸಿತ್ತು.

ಸೋಮವಾರ ಬೆಳಗ್ಗೆ ನಾನು ಅತ್ತೂರಿಗೆ ಹೋದೆ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರ ನಿಮಗೆಲ್ಲ ಪರಿಚಿತವೇ. 2016ರಲ್ಲಿ ಬಸಿಲಿಕವಾಗಿ ಘೋಷಿತವಾದ ಆ ದೇವಾಲಯಕ್ಕೆ ಜನವರಿಯ ಹಬ್ಬದಲ್ಲಿ ಎಲ್ಲ ಧರ್ಮದವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಅಂದು ಜನಸಂದಣಿ ಇರಲಿಲ್ಲ. ನನಗಿಂತ ಬಹಳ ಕಿರಿಯರಾದ ಗುರುಗಳೊಬ್ಬರ ಮುಂದೆ ಮೊಣಕಾಲೂರಿ ನಿವೇದಿಸಿಕೊಂಡೆ. ಅವರಿಗೆ ಬ್ರಿಡ್ಜ್ ಗೊತ್ತಿರಲಿಲ್ಲ. ತುರುಪು, ಹಲಗೆ, ಅಂಕ ಎಂದು ನಾನು ವಿವರಿಸಲು ಹೊರಟಾಗ ತಡೆದು ಒಂದೇ ಪ್ರಶ್ನೆ ಕೇಳಿದರು: "ಫಾದರ್, ಆ ಹಣ ಯಾರಿಗೆ ಸಲ್ಲಬೇಕಿತ್ತು?"

ಜಕ್ಕಾಯನ ಪ್ರಸಂಗವನ್ನು ನೆನಪಿಸಿಕೊಳ್ಳಿ. ಪ್ರಭು ತನ್ನ ಮನೆಗೆ ಬಂದ ಸಂತೋಷದಲ್ಲಿ ಅವನು ಮೋಸದಿಂದ ಪಡೆದುದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವೆನೆಂದ. ಪಾಪಕ್ಕೆ ಕ್ಷಮೆ ದೊರೆಯುತ್ತದೆ. ಆದರೆ ಕದ್ದುದನ್ನು ಹಿಂದಿರುಗಿಸುವ ಹೊಣೆ ಕ್ಷಮೆಯಿಂದ ತೀರುವುದಿಲ್ಲವೆಂದು ಧರ್ಮಸಭೆ ಬೋಧಿಸುತ್ತದೆ. ನಾನೇ ಎಷ್ಟೋ ಮಂದಿಗೆ ಹೇಳಿದ ಮಾತಿದು. ಅಂದು ರಾತ್ರಿ ತೀರ್ಪುಗಾರರಿಗೆ ಪತ್ರ ಬರೆದೆ. ಅವರ ಉತ್ತರ ಸೌಜನ್ಯದಿಂದ ಕೂಡಿತ್ತು. ಕಾಲಮಿತಿ ಮುಗಿದಿರುವುದರಿಂದ ಫಲಿತಾಂಶವನ್ನು ಬದಲಿಸಲಾಗದು ಎಂದಿದ್ದರು. ಆ ದಂಪತಿಯ ದೂರವಾಣಿ ಸಂಖ್ಯೆಯನ್ನು, ಅವರ ಒಪ್ಪಿಗೆ ಕೇಳಿ, ಕೊಟ್ಟರು. ಫೋನ್ ಎತ್ತಿದವರು ಆ ಮಹಿಳೆ. ಎಲ್ಲವನ್ನೂ ಕೇಳಿ, "ಕಳುಹಿಸಿ ಫಾದರ್. ಬೇಡವೆಂದರೆ ನಿಮಗೆ ಇನ್ನೂ ಭಾರವಾಗುತ್ತದೆ. ಕಪ್ಪು ಮಾತ್ರ ಬೇಡ, ಮನೆಯಲ್ಲಿ ಜಾಗವಿಲ್ಲ" ಎಂದರು. ಸ್ವಲ್ಪ ತಡೆದು, "ನಾವೂ ಅಂದು ಎಲ್ಲಾದರೂ ಹೀಗೆ ಮಾಡಿದ್ದೇವೋ ಏನೋ, ಈಗ ಯೋಚಿಸಬೇಕು" ಎಂದು ಸೇರಿಸಿದರು. ಆರು ಸಾವಿರವನ್ನೂ ನಾನೇ ಕೊಡುವೆನೆಂದಾಗ ಮಾಸ್ತರರು ಒಪ್ಪಲಿಲ್ಲ. "ಜೋಡಿ ಎಂದರೆ ಜೋಡಿ ಫಾದರ್" ಎಂದು ಮೂರು ಸಾವಿರವನ್ನು ಎಣಿಸಿ ಕೊಟ್ಟರು. ಆ ಇಬ್ಬರು ಯುವಕರನ್ನು ಹುಡುಕಿ, ಮಣಿಪಾಲದ ಚಹಾದಂಗಡಿಯೊಂದರಲ್ಲಿ ಅವರ ಕ್ಷಮೆ ಕೇಳಿದೆ. ಅವರು ಮುಜುಗರದಿಂದ ನಕ್ಕರು. ಇನ್ನು ಮುಂದೆ ಎದುರಿಗೆ ಯಾರೇ ಕುಳಿತಿರಲಿ, ಎತ್ತಿದ ಕೈಯನ್ನು ಇಳಿಸಬೇಡಿ ಎಂದು ಅವರಲ್ಲಿ ಕೇಳಿಕೊಂಡೆ.

ಈಗಲೂ ನನ್ನನ್ನು ಕಾಡುವ ಒಂದು ಯೋಚನೆಯನ್ನು ನಿಮ್ಮ ಮುಂದಿಡುತ್ತೇನೆ. ಮೌನವನ್ನು ಕೇಳುವುದು ಗುರುವಿಗೆ ದೊರೆತ ವರ. ಪಾಪನಿವೇದನೆಯಲ್ಲಿ ಒಬ್ಬರು ಮಾತಿನ ನಡುವೆ ತಡೆದರೆ, ಹೇಳಲಾಗದ ನೋವು ಅಲ್ಲಿ ಅಡಗಿದೆಯೆಂದು ಕಿವಿಗೆ ತಿಳಿಯುತ್ತದೆ. ರೋಗಿಯ ಹಾಸಿಗೆಯ ಬಳಿ, ಮದುವೆಗೆ ಮುನ್ನ ಮಾತಾಡಲು ಬಂದ ಹುಡುಗಿಯ ಎದುರು, ನನ್ನ ಸೇವೆಯ ಅರ್ಧಭಾಗ ಹೇಳದಿದ್ದುದನ್ನು ಕೇಳಿಸಿಕೊಳ್ಳುವುದೇ ಆಗಿದೆ. ಜನರ ನೋವಿಗಾಗಿ ದೇವರು ಹರಿತಗೊಳಿಸಿದ ಕಿವಿಯನ್ನು ನಾನು ಒಂದು ಕಪ್ಪಿಗಾಗಿ ಬಳಸಿದೆ. ನಿಮಗೂ ಇಂಥ ಕಿವಿ ಇದೆ. ಪತಿಯ ಮೌನವನ್ನು ಪತ್ನಿ, ಮಗಳ ಮೌನವನ್ನು ತಾಯಿ, ವೃದ್ಧ ತಂದೆಯ ಮೌನವನ್ನು ಮಗ ಬಲ್ಲರು. ಜಮೀನಿನ ಪಾಲಿನ ಮಾತು ಬಂದಾಗ ತಮ್ಮ ಯಾಕೆ ತಡೆದು ನಿಂತನೆಂದು ಅಣ್ಣನಿಗೆ ತಿಳಿಯದೇ? ಹಾಗೆ ತಿಳಿದುದನ್ನು ಆಸರೆಯಾಗಲು ಬಳಸಿದೆವೋ, ಗೆಲ್ಲಲು ಬಳಸಿದೆವೋ ಎಂಬುದನ್ನು ಯಾವ ತೀರ್ಪುಗಾರನೂ ಕಾಣಲಾರ.

ನಾನು ಆಟ ಬಿಟ್ಟಿಲ್ಲ. ಬುಧವಾರ ಸಂಜೆ ಮಾಸ್ತರರು ಕಾರ್ಕಳದ ಬಸ್ಸಿನಿಂದ ಇಳಿಯುತ್ತಾರೆ, ನಾವು ಎದುರುಬದುರು ಕುಳಿತುಕೊಳ್ಳುತ್ತೇವೆ. ಅವರು ದೀರ್ಘವಾಗಿ ಯೋಚಿಸಿದ ದಿನ ನಾನು ನನ್ನ ಎಲೆಗಳನ್ನು ಇನ್ನೊಮ್ಮೆ ಎಣಿಸುತ್ತೇನೆ. ಅವುಗಳಲ್ಲಿ ಇರುವಷ್ಟನ್ನೇ ಕೂಗುತ್ತೇನೆ. ಅನೇಕ ಬಾರಿ ಸೋಲುತ್ತೇನೆ. ಆ ಕಪ್ಪು ನನ್ನ ಗುರುನಿವಾಸದ ಕೋಣೆಯಲ್ಲಿ, ನಿತ್ಯಪ್ರಾರ್ಥನೆಯ ಪುಸ್ತಕದ ಪಕ್ಕದಲ್ಲಿದೆ. ಮೊನ್ನೆ ಗುರಿಕಾರರು ಅದನ್ನು ನೋಡಿ, "ಇದು ಬಹುಮಾನವಾ ಫಾದರ್?" ಎಂದು ಕೇಳಿದರು. ಅಲ್ಲ, ಸಾಲದ ಚೀಟಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅದಕ್ಕಾಗಿ ಇಷ್ಟು ಬರೆದೆ.

ಇಂದು ರಾತ್ರಿ ಮಲಗುವ ಮುನ್ನ ಆತ್ಮಪರಿಶೋಧನೆಗೆ ಕುಳಿತಾಗ, ಕಳೆದು ಹೋಯಿತೆಂದು ನೀವು ತಿಳಿದಿರುವ ಅರ್ಧ ಗಂಟೆಯೊಂದು ನೆನಪಾದರೆ, ಫೋನ್ ಎತ್ತಿಕೊಳ್ಳಿ. ಫಲಿತಾಂಶ ಬದಲಾಗದಿರಬಹುದು. ಆದರೆ ಆ ಕಡೆಯಲ್ಲಿ ಫೋನ್ ಎತ್ತುವವರು ಒಬ್ಬರಿರುತ್ತಾರೆ. ನಿಮಗಾಗಿ ಪ್ರಾರ್ಥಿಸುತ್ತೇನೆ, ನೀವೂ ನನಗಾಗಿ ಪ್ರಾರ್ಥಿಸಿರಿ.